ಟಿವಿಯವರು ನುಂಗಿದ ಪ್ರಶ್ನೆ

ಕಳೆದ ಚುನಾವಣೆಯ ಹೊತ್ತಿಗೆ ತೆಲುಗು ಟಿವಿ ಚಾನೆಲ್ಲೊಂದು ಆಂಧ್ರದ ನಮ್ಮ ಹಿಂದೂಪುರದ ಕಲ್ಯಾಣ ಮಂಟಪದಲ್ಲಿ ಯುವ ಮತದಾರರ ಚರ್ಚೆ ಇಟ್ಟಿತ್ತು. ಕಲ್ಯಾಣದುರ್ಗದ ನನ್ನ ಅಕ್ಕನ ಮಗಳು ನಮ್ಮ ಮನೆಯಲ್ಲಿದ್ದುಕೊಂಡು ಡಿಗ್ರಿ ಓದುತ್ತಿದ್ದಳು. ಅವಳಿಗದು ಮೊದಲ ವೋಟು. ಹುಣಸೆಹಣ್ಣಿನ ಮಂಡಿಯನ್ನು ಬೇಗ ಮುಚ್ಚಿ ನಾನೇ ಅವಳನ್ನು ಕರೆದುಕೊಂಡು ಹೋದೆ.

ಅವಳ ಪ್ರಶ್ನೆ ಸಣ್ಣದು. ಸೆಟ್ಟೂರು ಕಡೆಯ ಅವಳ ಗೆಳತಿಯೊಬ್ಬಳು ಕಲ್ಯಾಣದುರ್ಗದ ಕಾಲೇಜಿಗೆ ಬರುತ್ತಿದ್ದಳು. ಸಂಜೆ ಊರಿಗೆ ಹಿಂತಿರುಗಲು ಬಸ್ಸಿಲ್ಲವೆಂದು ಮನೆಯವರು ಓದು ಬಿಡಿಸಿ ಗಾರ್ಮೆಂಟ್ಸ್ ಕೆಲಸಕ್ಕೆ ಕಳಿಸಿಬಿಟ್ಟರು. ಆ ಬಸ್ಸು ಯಾವಾಗ ಬಿಡುತ್ತೀರಿ ಎಂದು ಮೈಕ್ ಹಿಡಿದು ತೆಲುಗಿನಲ್ಲಿ ಸ್ಪಷ್ಟವಾಗಿ ಕೇಳಿದಳು.

ವೇದಿಕೆ ಮೇಲೆ ಎರಡು ಪಕ್ಷದ ವಕ್ತಾರರಿದ್ದರು. ಒಬ್ಬ ಎದುರಿನವರನ್ನು ಕೇಳಿ ಎಂದ. ಇನ್ನೊಬ್ಬ ಅವನ ಮನೆಯ ಹೆಂಗಸರ ಬಗ್ಗೆ ಕೊಳಕು ಮಾತಾಡಿದ. ಜಗಳ ಬಿಡಿಸಬೇಕಾದ ನಿರೂಪಕ ಇನ್ನಷ್ಟು ಕೆಣಕಿದ.

ಭಾನುವಾರ ಅದು ಟಿವಿಯಲ್ಲಿ ಬರುವುದಿತ್ತು; ನಾವಿಬ್ಬರೂ ಕಲ್ಯಾಣದುರ್ಗಕ್ಕೆ ಹೋದೆವು, ನೋಡಲು ಅಕ್ಕನ ಮನೆಯಲ್ಲಿ ನೆರೆಹೊರೆಯವರು, ಹುಡುಗಿಯ ಗೆಳತಿಯರು ಸೇರಿದ್ದರು. ಬಸ್ಸಿನ ಪ್ರಶ್ನೆ ಬರಲೇ ಇಲ್ಲ. ಬಂದದ್ದು ಅವಳ ಚಪ್ಪಾಳೆ. ಶುರುವಿನಲ್ಲಿ ಎಲ್ಲರಿಂದಲೂ ಹೊಡೆಸಿದ್ದ ಚಪ್ಪಾಳೆಯನ್ನು ತಂದು ಆ ಕೊಳಕು ಮಾತಿಗೆ ಅಂಟಿಸಿದ್ದರು. ಪರದೆ ತುಂಬ ನಗುತ್ತಾ ಕೈತಟ್ಟುವ ನಮ್ಮ ಹುಡುಗಿ.

ಪಕ್ಕದ ಮನೆಯಾಕೆ ಎದ್ದು ನಿಂತಳು. "ಹೆಣ್ಮಕ್ಕಳನ್ನ ಬಯ್ಯೋ ಮಾತ್ಗೆ ಕೈ ತಟ್ತೀಯೇನಮ್ಮಿ?"

"ಇಲ್ಲ ದೊಡ್ಡಮ್ಮ. ನಾನು ಬಸ್ ಕೇಳ್ದೆ."

"ಕಣ್ಣಾರೆ ನೋಡ್ದೆ ಕಣಮ್ಮ," ಎಂದು ಆಕೆ ಹೊರಟುಹೋದಳು.

ಮೈಯೆಲ್ಲ ಉರಿದು ಚಾನೆಲ್‌ಗೆ ಫೋನ್ ಮಾಡಿದೆ. "ಬಸ್ ಸಂಗತಿ ಎವರು ಚೂಸ್ತಾರು ಸಾರ್?" ಎಂದ ಅತ್ತಲಿನವನು. ಬಸ್ಸಿನ ಸಂಗತಿಯನ್ನು ಯಾರು ನೋಡುತ್ತಾರಂತೆ! ಒಂದು ಹುಡುಗಿಯ ಮಾತನ್ನು ಕಿತ್ತುಕೊಂಡು ಅವಳ ಮುಖವನ್ನು ಮಾತ್ರ ಬಳಸಿಕೊಂಡವನ ದನಿಯಲ್ಲಿ ಅಳುಕೇ ಇರಲಿಲ್ಲ.

"ವೋಟೂ ಬ್ಯಾಡ, ಏನೂ ಬ್ಯಾಡ ಮಾವ. ನಾನ್ ಹೋಗಾಕಿಲ್ಲ," ಎಂದಳು ಅವಳು. ಗೆಳತಿಯರೂ ಹಾಗೇ ಅಂದರು. 

ಕೆಲ ದಿನಗಳ ಮೇಲೆ, ಅವಳಿನ್ನೂ ಕಲ್ಯಾಣದುರ್ಗದಲ್ಲೇ ಇದ್ದಾಗ, ಅಭ್ಯರ್ಥಿಯೊಬ್ಬರು ಪ್ರಚಾರದ ಜೀಪಿನಲ್ಲಿ ಅಕ್ಕನ ಬೀದಿಗೇ ಬಂದರು. ಆರತಿ ತಟ್ಟೆಗಳ ನಡುವೆ ನುಗ್ಗಿಹೋಗಿ ಅವಳು ಅದೇ ಪ್ರಶ್ನೆ ಕೇಳಿದಳು. "ಚೂದ್ದಾಂ ಅಮ್ಮಾ," ನೋಡೋಣ ಎಂದು ಅವರು ಜೀಪು ಮುಂದಕ್ಕೆ ಬಿಡಿಸಿದರು. ಅವಳ ಪ್ರಶ್ನೆಯನ್ನು ಈ ಸಲ ಕಿವಿಯಾರೆ ಕೇಳಿದ ಪಕ್ಕದ ಮನೆಯಾಕೆಯೇ ಆಗ ಜೀಪಿಗೆ ಅಡ್ಡ ನಿಂತಳು. "ಮಗು ಕೇಳ್ತೈತೆ, ಜವಾಬು ಹೇಳಿ ಹೋಗಪ್ಪ." ಸುತ್ತ ಇದ್ದ ಹೆಂಗಸರೂ ದನಿಗೂಡಿಸಿದರು. ಬಸ್ಸು ಹಾಕಿಸುತ್ತೇನೆಂದು ಆ ಮನುಷ್ಯ ಎಲ್ಲರೆದುರು ಹೇಳಲೇಬೇಕಾಯಿತು. ಹಾಕಿಸುತ್ತಾರೋ ಇಲ್ಲವೋ, ಆ ಮಾತು ಬೇರೆ.

ಅವಳು ವೋಟು ಹಾಕಿ ಬಂದಳು. ಅಂದು ಟಿವಿ ಮುಂದೆ ಕೂತಿದ್ದ ಗೆಳತಿಯರಲ್ಲಿ ಹೆಚ್ಚಿನವರು ಹೋಗಲಿಲ್ಲ. ಚುನಾವಣೆ ಮುಗಿದ ವಾರ ಅದೇ ಚಾನೆಲ್‌ನಲ್ಲಿ ದೊಡ್ಡ ಮನುಷ್ಯರು ಕೂತು, ಇಂದಿನ ಯುವಕರಿಗೆ ರಾಜಕೀಯವೇ ಬೇಡವಾಗಿದೆ ಎಂದು ಕೊರಗುತ್ತಿದ್ದರು.