ಎತ್ತಿದ ಕಾಲು

ಇದರಲ್ಲಿ ಒಂದೆರಡು ವಿವರಗಳನ್ನು ನಾನೇ ಆಮೇಲೆ ಸೇರಿಸಿಕೊಂಡಿರಬಹುದು. ದಿನಚರಿ ಬರೆಯುವ ಚಟದವರನ್ನು ಪೂರ್ತಿ ನಂಬಬೇಡಿ. ನಿನ್ನೆ ಬೆಳಗಿನದಂತೂ ನಿಜ. ಒದ್ದೆ ಚಾದರದ ಬಕೆಟ್ಟು ಎತ್ತಲು ಬಾಗಿದ ನನ್ನ ಸೋದರತ್ತೆ ಬಾಗಿದಂತೆಯೇ ನಿಂತುಬಿಟ್ಟಳು. ಪಕ್ಕದ ಮನೆಯ ಬಾಬು ಮಾಮಾ ಕಾರಿನ ಕೀಲಿ ಹಿಡಿದೇ ಬಂದ. "ಮಿರಜಿಗೆ ನಡೀರಿ, ಸೀದಾ ಎಮರ್ಜನ್ಸಿಗೆ!" ನಾನು ಮಾತ್ರ, ಯಾಕೋ, ಒಲೆಯ ಮೇಲೆ ಹಂಚು ಇಟ್ಟು ಉಸುಕು ಕಾಯಿಸುತ್ತಿದ್ದೆ.

ಕಾದ ಉಸುಕಿನ ಆ ವಾಸನೆ ಶಿರಗುಪ್ಪಿಯ ನಮ್ಮ ಹಳೆಯ ಮನೆಯದು. ನಡ ಹಿಡಿದು ಸೊಂಟ ನೆಟ್ಟಗಾಗದವರು ದವಾಖಾನೆಗಿಂತ ಮೊದಲು ನಮ್ಮ ಕಟ್ಟೆಗೆ ಬರುತ್ತಿದ್ದರು. ಕಾರಣ, ನಾನು ಪಾಯಾಳು, ಅಂದರೆ ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಎಡಗಾಲನ್ನು ಮೂರು ಸಲ ಮುಟ್ಟಿಸಿದರೆ ಹಿಡಿದ ನಡ ಬಿಡುತ್ತದೆಂದು ನಂಬಿಕೆ. ನನಗಾಗ ಎಂಟು ವರ್ಷ, ಒಂಬತ್ತೂ ಇರಬಹುದು. ಬೋರಲು ಮಲಗಿದ ಹಿರಿಯರ ಬೆನ್ನಿಗೆ ಕಾಲಿಡುವುದು, ಕಾಲಿಟ್ಟ ತಪ್ಪಿಗೆ ತಕ್ಷಣ ಅವರಿಗೆ ನಮಸ್ಕರಿಸುವುದು. ಮೊದಲನೆಯದನ್ನು ಸಾವಕಾಶವಾಗಿ, ಎರಡನೆಯದನ್ನು ಗಡಿಬಿಡಿಯಲ್ಲಿ ಮಾಡುತ್ತಿದ್ದೆ. ಶಾಲೆಗೂ ಆ ಕಾಲನ್ನು ಜೋಪಾನವಾಗಿ ಇಡುತ್ತಾ ಹೋದ ನೆನಪು.

ಆದರೆ ಕಾಲಿಗಿಂತ ಮೊದಲು ಅತ್ತೆಯ ಪ್ರಶ್ನೆಗಳಿದ್ದವು. "ಎಲ್ಲೆರ ಬಿದ್ದೀಯೇನು? ಜ್ವರಾ ಬಂದಾವೇನು? ಕಾಲು ಜೋಮು ಹಿಡದಾವೇನು? ಉಚ್ಚಿ ಸಲೀಸ ಹೋಗತೈತೇನು?" ಕೊನೆಯದಕ್ಕೆ ಗಂಡಸರು ಗೋಡೆ ನೋಡುತ್ತಿದ್ದರು. "ನಾಚಬ್ಯಾಡ ಲೇ, ನಾ ಏನ ನಿನಗ ಹೆಣ್ಣ ಕೊಡಾಕ ಕೇಳಾಕತ್ತಿಲ್ಲ." ಎಲ್ಲ ಸರಿಯಿದ್ದರೆ ನನ್ನ ಕಾಲು, ಒಂದು ಗಂಟು ಬಿಸಿ ಉಸುಕು, ಮೇಲೊಂದು ತಾಕೀತು: "ಹಾಸಿಗಿ ಹಿಡೀಬ್ಯಾಡ, ಅಡ್ಡಾಡು. ಹಗರ ಆಗಲಿಲ್ಲಂದ್ರ ಡಾಕ್ಟರಿಗೆ ತೋರಸು."

ಒಮ್ಮೆ ಉಗಾರದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೇರುವ ದಸ್ತಗೀರ ಕಾಕಾ ಬಂದು ಮಲಗಿದ. ನಾನು ಕಾಲು ಎತ್ತಿಯಾಗಿತ್ತು. ನಿನ್ನೆಯಿಂದ ಉಚ್ಚಿ ಕಟ್ಟಿದೆ, ಕೂರುವ ಜಾಗ ಜೋಮು ಹಿಡಿದಿದೆ ಎಂದು ಅವನು ಗೋಡೆಗೆ ಹೇಳಿದ. ಅತ್ತೆ ನನ್ನ ಕಾಲನ್ನು ಗಾಳಿಯಲ್ಲೇ ಹಿಡಿದಳು. "ಇಳಸ ಕಾಲ! ಜೀಪ ಕರೀರಿ, ಈಗಿಂದೀಗ!" ಬೆನ್ನಿನ ನರ ಒತ್ತಿಹೋಗಿತ್ತಂತೆ, ಅಂದೇ ಮಿರಜಿನಲ್ಲಿ ಆಪರೇಷನ್ ಆಯಿತು.

ಕೆಲವು ತಿಂಗಳ ಮೇಲೆ ಕಾಕಾ ಪೇಢೆ ಹಿಡಿದು ನಡೆದುಕೊಂಡೇ ಬಂದ. ಪೇಢೆ ಕೊಟ್ಟದ್ದು ಅತ್ತೆಗಲ್ಲ, ನನಗೆ. "ಬರೇ ಎತ್ತಿದ್ದಕ್ಕ ಇಷ್ಟ ಗುಣಾ ಆತು ಮಗಳ, ಇಟ್ಟಿದ್ರ ಓಡತಿದ್ನಿ!" ಅತ್ತೆ ನಕ್ಕಳೇ ಹೊರತು ತಿದ್ದಲಿಲ್ಲ. ಕಾಲೇಜಿಗೆ ಹೋದ ಮೇಲೆ ನನಗೆ ಅನುಮಾನ ಹತ್ತಿತು: ಬರೀ ಅತ್ತೆಯ ಪ್ರಶ್ನೆಗಳಿಗೆ ಉತ್ತರ ಹೇಳಲು ಯಾರಾದರೂ ನಮ್ಮ ಕಟ್ಟೆ ಹತ್ತುತ್ತಿದ್ದರೇ?

ನಿನ್ನೆ ಅವೇ ಪ್ರಶ್ನೆಗಳನ್ನು ಅತ್ತೆಗೇ ಕೇಳಿದೆ. ಬಾಬು ಮಾಮಾ ಗೋಡೆ ನೋಡಿದ. "ಎಲ್ಲಾ ಸಲೀಸ ಐತಿ ಬೇ. ಅವಗ ಕಾರ ಒಳಗ ಹಚ್ಚಂತ ಹೇಳು," ಎಂದು ಅತ್ತೆ ಮೆಲ್ಲಗೆ ಬೋರಲಾದಳು. "ಹೂಂ, ಇಡು ಕಾಲ."

ಕಾಲು ಎತ್ತಿದೆ. ನಾನು ಹುಟ್ಟುವಾಗ ಅಲ್ಲಿದ್ದವರಲ್ಲಿ ಈಗ ಉಳಿದವಳು ಅವಳೊಬ್ಬಳೇ. ಇಡುವ ಮೊದಲು ಒಂದು ಮಾತು ಕೇಳಿದೆ. ಇವತ್ತು ಅತ್ತೆ ಗೋಡೆ ಹಿಡಿದು ಅಂಗಳದಲ್ಲಿ ಅಡ್ಡಾಡುತ್ತಿದ್ದಾಳೆ. ನಿನ್ನೆ ನಾನು ಕೇಳಿದ್ದು ಇಷ್ಟೇ:

"ಅತ್ತಿ, ನಾ ಖರೇನ ಕಾಲ ಮುಂದಾಗಿ ಹುಟ್ಟೀನೇನು?"