ಕೊನೆಯ ಸಾಲಿನ ಕೋದಂಡರಾಮಪ್ಪ

ಶ್ರೀನಿವಾಸಪುರದ ಸುತ್ತ ದಡ್ಡರಿಗೇನೂ ಕೊರತೆಯಿಲ್ಲ. ಆದರೆ ತನ್ನ ದಡ್ಡತನದ ಕೆಳಗೆ ತಾನೇ ಹಳದಿ ಪೆನ್ನಿನಲ್ಲಿ ಗೆರೆ ಎಳೆದವನು ಕೋದಂಡರಾಮಪ್ಪ ಒಬ್ಬನೇ. ಅವನಿಗಿದ್ದದ್ದು ಒಂದು ಮಾವಿನ ತೋಪು, ತೋಪಿಗಿಂತ ಅಗಲವಾದ ಮೀಸೆ, ಮತ್ತು ಒಂದು ಗಂಟಲು. ಅವನು ತೋಪಿನಲ್ಲಿ ನಿಂತು ಕೆಮ್ಮಿದರೆ ಕೋಲಾರದ ಬಸ್ಸು, ಹಿಂದೆ ಲಾರಿ ಬಂತೆಂದು, ಪಕ್ಕಕ್ಕೆ ಸರಿದು ದಾರಿ ಬಿಡುತ್ತಿತ್ತು.

ಈ ಗಂಟಲಿನ ಬಲದಿಂದಲೇ ಅವನು ಮಾವು ಬೆಳೆಗಾರರ ಕಂಪನಿಗೆ ನಿರ್ದೇಶಕನಾದದ್ದು. ಕಂಪನಿ ಎಂದೊಡನೆ ಗಾಬರಿ ಬೇಡ. ಸುತ್ತಲಿನ ರೈತರೇ ಷೇರು ಹಾಕಿ ಕಟ್ಟಿಕೊಂಡ ಒಂದು ತಗಡಿನ ಶೆಡ್ಡು, ಒಂದು ತೂಕದ ಯಂತ್ರ, ಹಣ್ಣು ಮಾಗಿಸುವ ಒಂದು ಕೋಣೆ, ಮತ್ತು ಇವೆಲ್ಲಕ್ಕಿಂತ ದೊಡ್ಡದಾದ ಒಂದು ಬೋರ್ಡು, ಅಷ್ಟೇ. ಪ್ರತಿ ವರ್ಷ ಬ್ಯಾಲೆನ್ಸ್ ಶೀಟಿಗೆ ಸಹಿ ಹಾಕುವಾಗ ಅವನು ಕೊಡುತ್ತಿದ್ದ ಗಮನ, ಊಟಕ್ಕೆ ಕೂತವನು ಎಲೆಗೆ ನೀರು ಚಿಮುಕಿಸುವಾಗ ಕೊಡುವಷ್ಟು.

ಈ ಸಲ ಮಾತ್ರ ಅವನಿಗೆ ಅಧ್ಯಕ್ಷನಾಗುವ ಚಪಲ ಹತ್ತಿತು. ಎದುರಿಗಿದ್ದವನು ಮುನಿರಾಮಪ್ಪ, ನಿವೃತ್ತ ಗ್ರಾಮ ಲೆಕ್ಕಿಗ. ಲೆಕ್ಕದವನನ್ನು ಲೆಕ್ಕದಿಂದಲೇ ಹೊಡೆಯಬೇಕೆಂದು ಕೋದಂಡರಾಮಪ್ಪ ಫೋನಿನಲ್ಲಿ ವಿಡಿಯೋ ನೋಡಿ ಕಂಪನಿಗಳ ಲೆಕ್ಕ ಓದಲು ಕಲಿಯತೊಡಗಿದ. ಎರಡು ವಿಡಿಯೋ ಮುಗಿಯುವಷ್ಟರಲ್ಲಿ ದೇಶದ ಸಿಮೆಂಟು ಕಂಪನಿಗಳಿಗೆಲ್ಲ ಬುದ್ಧಿ ಹೇಳುವ ಮಟ್ಟಕ್ಕೆ ಬೆಳೆದಿದ್ದ. ಟೀ ಅಂಗಡಿಯಲ್ಲಿ ಅವನು ಆಸ್ತಿ, ಹೊಣೆ, ಬಂಡವಾಳ ಎಂದು ಶುರು ಮಾಡಿದರೆ ಕೇಳುವವರ ಲೋಟದಲ್ಲಿ ಟೀ ಆರಿ, ಕೆನೆಗಟ್ಟಿ, ಮೊಸರಾಗುತ್ತಿತ್ತು.

ಆದರೆ ಕಣ್ಣಿನ ಅಭ್ಯಾಸವನ್ನು ವಿಡಿಯೋ ತಿದ್ದಲಿಲ್ಲ. ಮಂಡಿಗೆ ಮಾವು ಹಾಕಿದವನಿಗೆ ಒಂದು ಚೀಟಿ ಕೊಡುತ್ತಾರೆ. ಮೇಲೆ ಹಣ್ಣಿನ ಬೆಲೆ. ಕೆಳಗೆ ಕಮಿಷನ್ನು, ಹಮಾಲಿ, ಲಾರಿ ಬಾಡಿಗೆ, ಕೊಳೆತದ್ದಕ್ಕೆ ಕಡಿತ. ಎಲ್ಲ ಕಳೆದು ಕೊನೆಯ ಸಾಲಿನಲ್ಲಿ ಕೈಗೆ ಬರುವ ದುಡ್ಡು. ನಡುವಿನದನ್ನು ಓದಿದರೆ ಹೊಟ್ಟೆ ಉರಿಯುವುದು ಬಿಟ್ಟು ಬೇರೆ ಲಾಭವಿಲ್ಲ. ಹಾಗಾಗಿ ಅಲ್ಲಿನವರು ತಲೆಮಾರುಗಳಿಂದ ಕೊನೆಯ ಸಾಲನ್ನಷ್ಟೇ ಓದುತ್ತ ಬಂದಿದ್ದಾರೆ. ಕೋದಂಡರಾಮಪ್ಪ ಬ್ಯಾಲೆನ್ಸ್ ಶೀಟನ್ನೂ ಹಾಗೆಯೇ ಓದಿದ. ಕೊನೆಯಲ್ಲಿ ಎಂಬತ್ತನಾಲ್ಕು ಲಕ್ಷ ಎಂದಿತ್ತು. ಪುಟದ ಮೇಲರ್ಧದ ಕೊನೆಯಲ್ಲೂ ಅದೇ ಮೊತ್ತ. ಎರಡೆರಡು ಸಲ ಅಚ್ಚು ಹಾಕಿದ್ದಾರೆಂದರೆ ದುಡ್ಡು ಇರಲೇಬೇಕೆಂದು ಹಳದಿ ಗೆರೆ ಎಳೆದ.

ಮಹಾಸಭೆಯ ದಿನ ಮುನಿರಾಮಪ್ಪ ಖರ್ಚು, ಸವಕಳಿ, ಬಡ್ಡಿ ಎಂದು ಮಾತಾಡಿ ಅರ್ಧ ಸಭೆಗೆ ನಿದ್ದೆ ತರಿಸಿದ. ಆಮೇಲೆ ಕೋದಂಡರಾಮಪ್ಪ ಎದ್ದ.

“ಎಂಬತ್ನಾಲ್ಕು ಲಕ್ಷ ಐತೆ. ಕೊನೇ ಲೈನ್ ನೋಡ್ಕೊಳ್ರಪ್ಪ. ನನ್ನ ಕೂರ್ಸಿ, ಹಂಚ್ತೀನಿ.”

ಸಭೆಯಲ್ಲಿದ್ದ ಕಣ್ಣುಗಳೂ ಅದೇ ಮಂಡಿಯ ಕಣ್ಣುಗಳೇ. ಒಟ್ಟಿಗೆ ಎದ್ದ ಕೈಗಳ ಗಾಳಿಗೆ ಶೆಡ್ಡಿನ ತಗಡು ಗೇಣುದ್ದ ಮೇಲಕ್ಕೆ ಹೋಗಿ ಕೂತಿತು. ಅದು ಲಾಭವಲ್ಲ ಎಂದು ಮುನಿರಾಮಪ್ಪ ಕೂಗಿದ್ದು ಅವನಿಗೇ ಕೇಳಲಿಲ್ಲ.

ಹಂಚುವ ವಿಧಾನ ಕೇಳಲು ಹೊಸ ಅಧ್ಯಕ್ಷರು ಕೋಲಾರದ ಆಡಿಟರ್ ಮೇಘನಳ ಬಳಿ ಹೋದರು. ಪುಟದ ಒಂದರ್ಧದಲ್ಲಿ ಇರುವುದು ಕಂಪನಿಯ ಆಸ್ತಿ, ಇನ್ನೊಂದರ್ಧದಲ್ಲಿ ಇರುವುದು ಆ ಆಸ್ತಿಗೆ ದುಡ್ಡು ಎಲ್ಲಿಂದ ಬಂತೆಂಬ ವಿವರ, ಅದಕ್ಕೇ ಎರಡೂ ಸಮ ಎಂದು ಅವಳು ತಾಳ್ಮೆಯಿಂದ ಹೇಳಿದಳು. ವರ್ಷದ ಲಾಭ ಬೇರೆ ಪುಟದಲ್ಲಿತ್ತು: ನಲವತ್ತೊಂದು ಸಾವಿರ.

“ಎಂಬತ್ನಾಲ್ಕೂ ಹಂಚ್ಬೇಕಾದ್ರೆ ಶೆಡ್ಡಿನ ತಗಡು ಕಿತ್ತು ಹಂಚ್ಬೇಕಾಗುತ್ತೆ ಸಾರ್.”

ಅವನು ಊರಿಗೆ ಬಂದು ದುಡ್ಡಿಲ್ಲ ಎಂದ. ಮೊನ್ನೆ ಇದ್ದದ್ದು ಇವತ್ತು ಇಲ್ಲವೆಂದರೆ ನಡುವೆ ಯಾರೋ ತಿಂದಿರಬೇಕಲ್ಲ. ಅಷ್ಟು ಮೀಸೆ ಇರುವವನು ದಡ್ಡನಾಗಿರಲಾರ, ಕಳ್ಳನೇ ಎಂದು ಜನ ತೀರ್ಮಾನಿಸಿದರು. ವಾರದೊಳಗೆ ಜನರ ಬಾಯಲ್ಲಿ ಅವನು ಮಾಲೂರಿನಲ್ಲಿ ಪೆಟ್ರೋಲ್ ಬಂಕು, ಮುಳಬಾಗಿಲಿನಲ್ಲಿ ಲಾಡ್ಜು ಕಟ್ಟಿಸಿದ್ದ. ಉಳಿದದ್ದನ್ನು ದೇವರಾಯಸಮುದ್ರದ ಕೆರೆಯಲ್ಲಿ ಹೂತಿದ್ದ; ಕೆಲವರು ಗುದ್ದಲಿ ಹಿಡಿದು ಹೋಗಿ ಅಗೆದೂ ಬಂದರು. ಟೀ ಅಂಗಡಿಯವನು ಅವನನ್ನು ಕಂಡರೆ ಗಲ್ಲಾಪೆಟ್ಟಿಗೆಗೆ ಬೀಗ ಹಾಕತೊಡಗಿದ. ತಂಗಿಯ ಮನೆಯ ಗೃಹಪ್ರವೇಶಕ್ಕೆ ಕರೆಯೇ ಬರಲಿಲ್ಲ. ಹೆಂಡತಿ ಶಾಮಲಮ್ಮ ಬೀರುವನ್ನು ಎರಡು ಸಲ ತಡಕಿದಳು. ಏನೂ ಸಿಗದೆ ಅವಳಿಗೂ ಬೇಸರವಾಯಿತು.

ಕುರ್ಚಿಯ ಆಸೆ ಹೋಗಿ ಈಗ ಮಾನ ಉಳಿದರೆ ಸಾಕಾಗಿತ್ತು. ಕೋದಂಡರಾಮಪ್ಪ ಮೇಘನಳ ಮುಂದೆ ಕೂತು, ಬದುಕಿನಲ್ಲಿ ಮೊದಲ ಸಲ, ಒಂದು ಪುಟವನ್ನು ಮೇಲಿನಿಂದ ಕೆಳಗೆ ಓದಿದ. ಆಮೇಲೆ ವಿಶೇಷ ಸಭೆ ಕರೆದ.

ಅವತ್ತು ಅವನು ಭಾಷಣ ಮಾಡಲಿಲ್ಲ. ಒಂದೊಂದು ಸಾಲು ಓದಿ, ಆ ಸಾಲಿನ ವಸ್ತುವಿನ ಹತ್ತಿರ ಸದಸ್ಯರನ್ನು ಕುರಿಗಳ ಹಾಗೆ ಅಟ್ಟಿಕೊಂಡು ಹೋಗಿ, ಮುಟ್ಟಿ ನೋಡಲು ಹೇಳಿದ. ಗೋಡೆ ಮುಟ್ಟಿದರು, ತೂಕದ ಯಂತ್ರ ಮುಟ್ಟಿದರು. ಜ್ಯೂಸ್ ಫ್ಯಾಕ್ಟರಿಯಿಂದ ಬರಬೇಕಾದ ಬಾಕಿಯನ್ನೂ ಮುಟ್ಟಬೇಕೆಂದು ಒಬ್ಬ ಹಟ ಹಿಡಿದ. ಬಂದಿದ್ದರೆ ತಾನೇ ಮುಟ್ಟುವುದು ಎಂದು ಕೋದಂಡರಾಮಪ್ಪ ಅವನನ್ನು ಕೂರಿಸಿದ. ಸವಕಳಿಯ ಸಾಲು ಬಂದಾಗ ಉಮೇಶನೆಂಬ ಯುವ ರೈತ ಎದ್ದು ನಿಂತ.

“ಶೆಡ್ಡಿಗೆ ಕೊಟ್ಟಿದ್ದಷ್ಟು ಇಲ್ಲಿಲ್ಲ. ಕಮ್ಮಿಯಾಗಿದ್ದನ್ನ ಯಾರು ತಿಂದ್ರಣ್ಣ?”

ಕೋದಂಡರಾಮಪ್ಪ ತಲೆಯ ಮೇಲೆ ತೋರಿಸಿದ. “ತುಕ್ಕು ತಿಂತು. ನೋಡು, ಇನ್ನೂ ತಿಂತಾ ಐತೆ.”

ಎಲ್ಲರೂ ಕತ್ತೆತ್ತಿ ತಗಡಿನ ತೂತುಗಳನ್ನು ಬಹಳ ಹೊತ್ತು ನೋಡಿದರು. ಅಷ್ಟು ತಲೆಗಳೊಳಗೆ ಒಂದು ವಿಷಯ ಇಳಿಯಲು ಅಷ್ಟು ಹೊತ್ತು ಬೇಕೇ ಬೇಕು.

“ಹಂಗಾದ್ರೆ ನೀನು ತಿಂದಿಲ್ಲ,” ಎಂದ ಉಮೇಶ. “ಓದೋಕೆ ಬಂದಿಲ್ಲ.”

“ಅಷ್ಟೇ ಕಣೋ.”

ಅವನನ್ನು ಅಧ್ಯಕ್ಷಗಿರಿಯಿಂದ ಕೆಳಗಿಳಿಸಬೇಕೆನ್ನುವವರು ಕೈ ಎತ್ತಲು ಹೇಳಿದಾಗ ಎಲ್ಲರಿಗಿಂತ ಎತ್ತರಕ್ಕೆ ಹೋದದ್ದು ಕೋದಂಡರಾಮಪ್ಪನ ಕೈ. ಕಾರಣ ಸ್ಪಷ್ಟವಾಗಿ ಬರೆಯಬೇಕೆಂದ: ಕಳ್ಳತನಕ್ಕಲ್ಲ, ದಡ್ಡತನಕ್ಕೆ. ನಡಾವಳಿ ಬರೆಯುತ್ತಿದ್ದ ಮುನಿರಾಮಪ್ಪನಿಗೆ ಅಯ್ಯೋ ಅನ್ನಿಸಿತು.

“ದಡ್ಡತನ ಅಂತೆಲ್ಲ ಹಾಕಕ್ಕಾಗಲ್ಲ ಕೋದಂಡ. ಮಾಹಿತಿ ಕೊರತೆ ಅಂತ ಹಾಕ್ತೀನಿ.”

ಕೋದಂಡರಾಮಪ್ಪ ಸುತರಾಂ ಒಪ್ಪಲಿಲ್ಲ. ಕೊರತೆ ಎಂಬ ಮಾತು ಕಂಡರೆ ದುಡ್ಡೇ ಕೊರತೆ ಬಿದ್ದಿದೆಯೆಂದು ಈ ಜನ ಮತ್ತೆ ಕೆರೆ ಅಗೆಯಲು ಹೋಗುತ್ತಾರೆ ಎಂದು, ದಡ್ಡತನ ಎಂದೇ ಬರೆಸಿ, ಶಾಯಿ ಆರುವವರೆಗೆ ಅಲ್ಲೇ ಕಾವಲು ನಿಂತ.