ಕಿತಾಕ್ಯೂಶುವಿನ ಬಾಣಂತನ

ಶಿನ್-ಒಸಾಕಾದಲ್ಲಿ ನಾನು ಹತ್ತಿದ ಶಿಂಕಾನ್‌ಸೆನ್ ಬೋಗಿ ಹೆಚ್ಚುಕಡಿಮೆ ಖಾಲಿಯಿತ್ತು. ಕೊರೋನಾದ ಮೊದಲ ವರ್ಷದ ಜುಲೈ ಅದು. ಹೊರಗೆ ಮಳೆ, ಒಳಗೆ ಯಾರೂ ಮಾಸ್ಕ್ ತೆಗೆಯಲಿಲ್ಲ, ಹಾಗಾಗಿ ಯಾರೂ ಏನೂ ತಿನ್ನಲಿಲ್ಲ. ನನ್ನ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಸಾರಿನ ಪುಡಿ, ಮೆಂತ್ಯ, ಓಮ, ಬೆಲ್ಲವೇ ಹೆಚ್ಚಾಗಿದ್ದವು. ಗೆಳತಿ ವಿದ್ಯಾಳ ಬಾಣಂತನಕ್ಕೆ ಹೊರಟಿದ್ದೆ.

ಆ ಕೆಲಸವನ್ನು ಅವಳ ಅಮ್ಮ ಮಾಡಬೇಕಿತ್ತು. ವೀಸಾ, ಟಿಕೆಟ್ ಎಲ್ಲ ಆಗಿತ್ತು, ವಿಮಾನಗಳೇ ನಿಂತುಹೋದವು. ಮಾರ್ಚ್‌ನಲ್ಲಿ ತಮ್ಮನ ಮದುವೆಗೆಂದು ಮೈಸೂರಿಗೆ ಹೋದ ಅವಳ ಗಂಡ ಗಿರೀಶ ಅಲ್ಲೇ ಸಿಕ್ಕಿಕೊಂಡಿದ್ದ. ಊರಿಗೆ ಹೋದ ವಿದೇಶಿಯರನ್ನು ಜಪಾನ್ ಒಳಗೆ ಬಿಡುತ್ತಿರಲಿಲ್ಲ. ನನ್ನ ಆಫೀಸು ಏಪ್ರಿಲ್‌ನಿಂದ ಮನೆಯಿಂದಲೇ ನಡೆಯುತ್ತಿತ್ತು. ಲ್ಯಾಪ್‌ಟಾಪ್ ಹಿಡಿದು ಎಲ್ಲಿ ಬೇಕಾದರೂ ಕೂರಬಹುದಿತ್ತು. ಮನಸ್ಸಿನಲ್ಲಿ ಇನ್ನೊಂದು ಯೋಚನೆಯೂ ಇತ್ತು. ಹೆರಿಗೆ ಮುಗಿದ ಮೇಲೆ ತಾಯಿ ಮಗು ಇಬ್ಬರನ್ನೂ ಒಸಾಕಾಕ್ಕೆ ಕರೆತಂದುಬಿಡಬೇಕು. ಅವಳಿರುವ ಕಿತಾಕ್ಯೂಶು ಉಕ್ಕಿನ ಊರು, ಹೊಗೆಯ ಊರು, ಅಲ್ಲಿ ಒಬ್ಬಳೇ ಏನು ಮಾಡುತ್ತಾಳೆ ಎಂದುಕೊಂಡಿದ್ದೆ.

ಎರಡೂವರೆ ಗಂಟೆಯಲ್ಲಿ ಕಿತಾಕ್ಯೂಶುವಿನ ಕೊಕುರಾ ನಿಲ್ದಾಣ ಬಂತು. ಅಲ್ಲಿಂದ ಲೋಕಲ್ ರೈಲಿನಲ್ಲಿ ಟೊಬಾಟಾ. ಕಿಟಕಿಯಾಚೆ ಕೊಳವೆಗಳು, ತುಕ್ಕು ಬಣ್ಣದ ಶೆಡ್ಡುಗಳು, ಹೊಗೆಗೂಡುಗಳು, ನಡುನಡುವೆ ಮನೆಗಳ ಮುಂದೆ ಹೂಕುಂಡಗಳು. ಟೊಬಾಟಾದಿಂದ ಕೊಲ್ಲಿ ದಾಟಿದರೆ ವಿದ್ಯಾ ಇರುವ ವಕಮಾತ್ಸು. ಮೇಲೆ ದೊಡ್ಡ ಕೆಂಪು ಸೇತುವೆಯಿದೆ. ನಡೆದು ಹೋಗುವವರಿಗೆ ಕೆಳಗೆ ಸಣ್ಣ ಫೆರಿ. ದೋಣಿಕಟ್ಟೆಯತ್ತ ನಡೆಯುತ್ತಿದ್ದಾಗ ಅವಳ ಫೋನ್ ಬಂತು.

"ಸುಮಾ, ಎಲ್ಲಿದ್ದೀಯ?"

"ಟೊಬಾಟಾ. ಫೆರಿಗೆ ಹೋಗ್ತಿದ್ದೀನಿ."

"ಬಾ. ಆದ್ರೆ ನಮ್ಮನೆಗೆ ಬರಬೇಡ ಕಣೇ." ಬೆಳಿಗ್ಗೆ ಚೆಕಪ್‌ನಲ್ಲಿ ನರ್ಸ್ ಕೇಳಿದ್ದರಂತೆ, ಹೊರಗಿನ ಊರಿನವರು ಯಾರಾದರೂ ಮನೆಗೆ ಬಂದಿದ್ದಾರಾ ಎಂದು. ಒಸಾಕಾದವರ ಜೊತೆ ಇದ್ದರೆ ಎರಡು ವಾರ ಆಸ್ಪತ್ರೆಯೊಳಗೆ ಬಿಡುವುದಿಲ್ಲ. ಅಷ್ಟರಲ್ಲಿ ನೋವು ಬಂದರೆ ಬೇರೆ ಊರಿನ ದೊಡ್ಡ ಆಸ್ಪತ್ರೆಗೆ ಕಳಿಸುತ್ತೇವೆ ಎಂದಿದ್ದರಂತೆ. ಹೆರಿಗೆಗೆ ಉಳಿದಿದ್ದುದೇ ಒಂದು ವಾರ. "ಸುಳ್ಳು ಹೇಳೋಕೆ ನಂಗೆ ಧೈರ್ಯ ಇಲ್ಲ. ಮತ್ಸುವೊ-ಸಾನ್ ಏನೋ ಅರೇಂಜ್ ಮಾಡಿದ್ದಾರೆ, ನೋಡು."

ಮತ್ಸುವೊ-ಸಾನ್ ವಿದ್ಯಾಳ ಮನೆಯ ಒಡತಿ. ಎಪ್ಪತ್ತು ದಾಟಿದ ಹೆಂಗಸು; ಎದುರು ಸಾಲಿನಲ್ಲಿ ಫ್ಯಾಕ್ಟರಿ ಕೆಲಸಗಾರರಿಗೆ ಊಟದ ಡಬ್ಬಿ ಮಾರುವ ಅಂಗಡಿ ಇಟ್ಟುಕೊಂಡಿದ್ದರು. ಅಂಗಡಿಯ ಮೇಲೊಂದು ಕೋಣೆ, ಅದಕ್ಕೆ ಹೊರಗಿನಿಂದಲೇ ಮೆಟ್ಟಿಲು. ನಾನು ತಲುಪಿದಾಗ ಅವರು ಕೊಡೆ ಹಿಡಿದು ರಸ್ತೆಯಲ್ಲೇ ದೂರ ನಿಂತು, "ಬಾಗಿಲು ತೆಗೆದಿದೆ. ಹಾಸಿಗೆ, ಒಲೆ ಇದೆ. ಎರಡು ವಾರ ನಾನು ಮೇಲೆ ಬರುವುದಿಲ್ಲ, ನೀವು ಅಂಗಡಿಗೆ ಬರಬೇಡಿ" ಎಂದರು. ನಾನು ಸುಮಿಮಾಸೆನ್, ತೊಂದರೆ ಕೊಟ್ಟೆ ಎಂದು ಬಗ್ಗಿದೆ. "ಬೇಗ ಒಳಗೆ ಹೋಗಿ, ನೆನೆಯುತ್ತೀರಿ" ಎಂದರು.

ಕೋಣೆಯ ಕಿಟಕಿ ತೆರೆದರೆ ರಸ್ತೆಯಾಚೆ ಬಾಲ್ಕನಿಯಲ್ಲಿ ವಿದ್ಯಾ ನಿಂತಿದ್ದಳು, ಒಂದು ಕೈ ಹೊಟ್ಟೆಯ ಮೇಲೆ. ಇಬ್ಬರೂ ಫೋನ್ ಕಿವಿಗಿಟ್ಟುಕೊಂಡು ಒಬ್ಬರನ್ನೊಬ್ಬರು ನೋಡುತ್ತ ಮಾತಾಡಿದೆವು.

ಮರುದಿನದಿಂದ ದಿನಚರಿ ಹೀಗಾಯಿತು: ಬೆಳಿಗ್ಗೆ ಸಾರು ಮಾಡಿ, ಅನ್ನದ ಜೊತೆ ಡಬ್ಬಿಗೆ ತುಂಬಿ, ಅವಳ ಬಾಗಿಲ ಹೊರಗಿಟ್ಟು ಬರುವುದು. ನಾನು ಮೆಟ್ಟಿಲಿಳಿದ ಮೇಲೆ ಅವಳು ಬಾಗಿಲು ತೆಗೆಯುವುದು. ಸಂಜೆ ಕೆಲಸ ಮುಗಿಸಿ ಕಿಟಕಿಯಲ್ಲಿ ಹರಟೆ. ಗಿರೀಶ ಈ ಊರನ್ನು ಬಾಡಿಗೆ ನೋಡಿಯೇ ಆರಿಸಿದ್ದನಂತೆ. ಒಸಾಕಾದಲ್ಲಿ ನಾನು ಒಂದು ಕೋಣೆಗೆ ಕೊಡುವುದರಲ್ಲಿ ಅವರಿಗೆ ಮೂರು ಕೋಣೆ, ಸಮುದ್ರ ಕಾಣುವ ಬಾಲ್ಕನಿ. "ಮೊದ್ಲು ಬಂದಾಗ ದಿನಾ ಅಳ್ತಿದ್ದೆ," ಎಂದಳು ವಿದ್ಯಾ. "ಒಗೆದ ಬಟ್ಟೆ ಮೇಲೆ ಕಪ್ಪು ಧೂಳು ಬೀಳುತ್ತೆ ಅಂತ."

ಆರನೆಯ ದಿನ ಮಧ್ಯಾಹ್ನ ಮಳೆ ಕೊಡದಲ್ಲಿ ಸುರಿದಂತೆ ಸುರಿಯುತ್ತಿದ್ದಾಗ ಫೋನ್ ಬಂತು. "ನೋವು ಶುರುವಾಯ್ತು. ಟ್ಯಾಕ್ಸಿ ಸಿಗ್ತಿಲ್ಲ." ನಾನು ಕಿಟಕಿಯಿಂದ ಕೂಗುವ ಮೊದಲೇ ಮತ್ಸುವೊ-ಸಾನ್ ಅಂಗಡಿಯ ವ್ಯಾನನ್ನು ಅವಳ ಮನೆ ಬಾಗಿಲಿಗೆ ತಂದು ನಿಲ್ಲಿಸಿದ್ದರು. ವಿದ್ಯಾ ಕೆಳಗೆ ಬಂದಳು, ಎರಡು ಹೆಜ್ಜೆ ಇಟ್ಟು ಗೇಟು ಹಿಡಿದು ಬಗ್ಗಿಬಿಟ್ಟಳು. ನನಗೆ ಏನೂ ಹೊಳೆಯಲಿಲ್ಲ, ಬರಿಗಾಲಲ್ಲಿ ಮೆಟ್ಟಿಲಿಳಿದು ರಸ್ತೆಗೆ ಓಡಿದೆ. ಮತ್ಸುವೊ-ಸಾನ್ ಅಂಗೈ ಎತ್ತಿ ತಡೆದರು.

"ಬರಬೇಡಿ. ನೀವು ಮುಟ್ಟಿದರೆ ಅವರು ಇವಳನ್ನು ಸೇರಿಸಿಕೊಳ್ಳುವುದಿಲ್ಲ."

ನಾನು ರಸ್ತೆಯ ನಡುವೆ ನಿಂತೆ. ವಿದ್ಯಾ ನನ್ನತ್ತ ನೋಡಿದಳು. ಆ ಅಜ್ಜಿ ಅವಳ ಸೊಂಟ ಹಿಡಿದು ವ್ಯಾನಿಗೆ ಹತ್ತಿಸಿದರು. ವ್ಯಾನು ಸೇತುವೆಯತ್ತ ತಿರುಗುವವರೆಗೆ ಅಲ್ಲೇ ನಿಂತಿದ್ದೆ.

ಮೈಸೂರಿನಿಂದ ಗಿರೀಶ ಫೋನ್ ಮಾಡಿದ. ಆಸ್ಪತ್ರೆಯ ಸುದ್ದಿ ಇನ್ನೂ ಬಂದಿರಲಿಲ್ಲ, ಆದರೂ ಇಬ್ಬರೂ ಫೋನ್ ಇಡಲಿಲ್ಲ. "ನೀವಾದ್ರೂ ಹತ್ರ ಇದ್ದೀರಲ್ಲ, ಸುಮಾ" ಎಂದ. ನನಗೆ ಅಳು ಬಂತು. ಕತ್ತಲಾಗುವ ಮೊದಲು ಕೆಳಗಿನಿಂದ ಮತ್ಸುವೊ-ಸಾನ್ ಕರೆದರು. ಆಸ್ಪತ್ರೆಯವರು ಅವರ ನಂಬರಿಗೇ ಫೋನ್ ಮಾಡಿದ್ದರು. "ಹೆಣ್ಣು ಮಗು. ತಾಯಿಯೂ ಚೆನ್ನಾಗಿದ್ದಾಳೆ." ಇಷ್ಟು ಹೇಳಿ ಅಂಗಡಿಯ ಶಟರ್ ಎಳೆದುಕೊಂಡರು.

ವಿದ್ಯಾ ಮನೆಗೆ ಬಂದ ಎರಡು ದಿನಕ್ಕೆ ನನ್ನ ಎರಡು ವಾರ ಮುಗಿಯಿತು. ಬಿಸಿನೀರಲ್ಲಿ ಸ್ನಾನ ಮಾಡಿ ಮೊದಲ ಸಲ ಅವಳ ಹೊಸ್ತಿಲು ದಾಟಿದೆ. ಅವಳು ಮಗುವನ್ನು ನನ್ನ ಕೈಗೆ ಕೊಟ್ಟು, ನನ್ನ ಹೆಗಲ ಮೇಲೆ ತಲೆಯಿಟ್ಟು ಬಹಳ ಹೊತ್ತು ಅತ್ತಳು. ಆಮೇಲೆ ಒಂದು ತಿಂಗಳು ಎಣ್ಣೆ, ನೀರು, ಮೆಂತ್ಯದ ಗಂಜಿ ಎಲ್ಲ ನಡೆಯಿತು. ಗಿರೀಶ ಬರಲು ಇನ್ನೂ ಕೆಲವು ತಿಂಗಳು ಹಿಡಿಯುವುದಿತ್ತು.

ನಾನು ಹೊರಡುವ ಹಿಂದಿನ ದಿನ ಅವಳನ್ನು ಕೇಳಿದೆ. "ನನ್ನ ಜೊತೆ ಬಂದ್ಬಿಡೆ. ಗಿರೀಶ್ ಬರೋವರೆಗೆ."

ಅವಳು ಮಗುವಿಗೆ ಬಟ್ಟೆ ಸುತ್ತುತ್ತ ಹೇಳಿದಳು: "ಒಸಾಕಾದಲ್ಲಿ ನೀನೊಬ್ಬಳು ಇದ್ದೀಯ. ಇಲ್ಲಿ ನಾನು ಎರಡು ದಿನ ಹೊರಗೆ ಕಾಣಿಸ್ಲಿಲ್ಲ ಅಂದ್ರೆ ಅಕ್ಕಪಕ್ಕದವ್ರು ಬಾಗಿಲು ತಟ್ತಾರೆ. ನಾ ಎಲ್ಲೂ ಬರಲ್ಲ."

ನಾನು ಮತ್ತೆ ಒತ್ತಾಯಿಸಲಿಲ್ಲ.

ಮಗುವನ್ನು ಎತ್ತಿಕೊಂಡು ಅವಳು ದೋಣಿಕಟ್ಟೆಯವರೆಗೆ ಬಂದಳು. ನಾನು ಫೆರಿ ಹತ್ತಿ ಕುಳಿತೆ. ಹಗ್ಗ ಬಿಚ್ಚಲು ಹೋದ ನಾವಿಕ, ಚೆಕಪ್‌ಗೆಂದು ಅವಳನ್ನು ಎಷ್ಟೋ ಸಲ ಆಚೆ ದಾಟಿಸಿದ್ದವನು, ಅವಳನ್ನು ಕಂಡು ಹಗ್ಗ ಕೆಳಗಿಟ್ಟ. "ಹುಟ್ಟಿತೇ?" ಎಂದು ಕೇಳಿ ದಡಕ್ಕೆ ಇಳಿದ. ಸೈಕಲ್ ಹಿಡಿದು ಫೆರಿಯಲ್ಲಿ ನಿಂತಿದ್ದ ಇಬ್ಬರು ಹೆಂಗಸರೂ ಇಳಿದರು. ಮೂವರೂ ಒಂದಿಷ್ಟು ದೂರದಲ್ಲಿ ನಿಂತು ಮಾಸ್ಕಿನೊಳಗೆ ನಗುತ್ತ ಮಗುವನ್ನು ನೋಡಿದರು. ಗಡಿಯಾರದಲ್ಲಿ ಹೊರಡುವ ಹೊತ್ತು ದಾಟಿತು. ಜಪಾನಿನಲ್ಲಿ ನಾನು ಕುಳಿತ ಯಾವ ವಾಹನವೂ ಅದುವರೆಗೆ ಹಾಗೆ ಹೊತ್ತು ಮೀರಿ ನಿಂತಿರಲಿಲ್ಲ. ಯಾರೂ ಗಡಿಬಿಡಿ ಮಾಡಲಿಲ್ಲ.